ಮಾಮಾ ಹೊಡೆದ ಜಿಂಕೆ, ಕೊಯೋಟಿಗಳ ಊಟ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ತಪ್ಪು ನನ್ನದು. ನಮ್ಮ ಮಾಮಾ ನಾಲ್ಕು ವರ್ಷ ಕಾದು ಹೊಡೆದ ಜಿಂಕೆಯನ್ನು ಕೊಯೋಟಿ ಎಂಬ ಮೂರು ಕಾಡುಪ್ರಾಣಿಗಳು ತಿಂದು ಹೋದದ್ದಕ್ಕೆ ಯಾರ ಕಡೆ ಬೊಟ್ಟು ಮಾಡಲು ಹೊರಟರೂ ಆ ಬೊಟ್ಟು ಒಂದು ಸುತ್ತು ಹೊಡೆದು ನನ್ನ ಎದೆಯ ಮುಂದೆಯೇ ಬಂದು ನಿಲ್ಲುತ್ತದೆ. ನಾನು ಬೇರೆಯವರ ದನಿ ತೆಗೆಯುವವನು. ಅವತ್ತು ತೆಗೆಯಬಾರದ ದನಿಯನ್ನು ತೆಗೆಯಬಾರದ ಹೊತ್ತಿನಲ್ಲಿ ತೆಗೆದೆ. ಒಪ್ಪಿಕೊಂಡಾಯಿತು. ಇನ್ನು ಸಿಟ್ಟು ಮಾಡಿಕೊಳ್ಳಲು ನನಗೆ ಯಾರ ಅಪ್ಪಣೆಯೂ ಬೇಡ. ಏಕೆಂದರೆ ಆ ಮೂರು ಪ್ರಾಣಿಗಳ ಮೇಲೆ ನನಗೆ ಇವತ್ತಿಗೂ ಹೊಟ್ಟೆ ಉರಿಯುವಷ್ಟು ಸಿಟ್ಟಿದೆ.

ನನ್ನ ಚಾಳಿಯ ಬಗ್ಗೆ ಎರಡು ಮಾತು ಹೇಳಬೇಕು. ಮಾಮಿ ಊರಿಗೆ ಫೋನು ಹಚ್ಚಿದಾಗ ಮಾತ್ರ ಹೊರಡುವ ಏರುದನಿ, ನಮ್ಮ ಮಸೀದಿಯ ಮೈಕಿನ ಮುಂದೆ ಹಿರಿಯರು ಮೂರು ಸಲ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವ ರೀತಿ, ಪಕ್ಕದ ಮನೆಯ ಬೆಂಗಳೂರು ಅಂಕಲ್ಲು ಮೀಟಿಂಗಿನಲ್ಲಿ ಒಂದು ಇಂಗ್ಲಿಷು, ಕಸದ ಲಾರಿಯವನ ಹತ್ತಿರ ಇನ್ನೊಂದು ಇಂಗ್ಲಿಷು ಮಾತಾಡುವುದು, ಎಲ್ಲವೂ ನನಗೆ ಬರುತ್ತವೆ. ನನ್ನದೇ ದನಿ ತೆಗೆ ಅಂದರೆ ಮಾತ್ರ ಬರುವುದಿಲ್ಲ. ಕೆಲಸದ ಇಂಟರ್‌ವ್ಯೂನಲ್ಲಿ ನಾನು ಟೀವಿಯಲ್ಲಿ ಹವಾಮಾನ ಹೇಳುವವನಾಗುತ್ತೇನೆ, ಫ್ರೀವೇಯಲ್ಲಿ ಪೊಲೀಸರು ಹಿಡಿದರೆ ಐದನೇ ತರಗತಿಯ ಹುಡುಗನಾಗುತ್ತೇನೆ. ನಿಜವಾದ ನಾನು ಯಾವ ದನಿಯಲ್ಲಿದ್ದೇನೆ ಎಂದು ಮಾಮಾ ಒಮ್ಮೆ ಕೇಳಿದ್ದ. ನಾನು ಅವನ ದನಿಯಲ್ಲೇ ಉತ್ತರ ಕೊಟ್ಟು ಪಾರಾಗಿದ್ದೆ.

ಮಾಮಾ ಎಂದರೆ ನನ್ನ ಅವ್ವನ ತಮ್ಮ. ವಿಜಯಪುರದವನು. ಈ ದೇಶಕ್ಕೆ ಬಂದು ಮಿಲ್ಪಿಟಾಸ್ ಎಂಬ ಊರಿನಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದಾನೆ. ಸುತ್ತಲಿನವರೆಲ್ಲ ಕಂಪ್ಯೂಟರಿನ ಒಳಗೆ ಕೈ ಹಾಕುವಾಗ ಇವನೊಬ್ಬ ಬಾನೆಟ್ಟಿನ ಒಳಗೆ ಕೈ ಹಾಕಿ ಬದುಕಿದವನು. ಲಿವರ್‌ಮೋರ್‌ನ ಆಚೆ, ಗುಡ್ಡಗಳ ಸಾಲಿನಲ್ಲಿ ದನ ಸಾಕುವ ಒಬ್ಬ ಮುದುಕ ತನ್ನ ಹಳೇ ಪಿಕಪ್ಪನ್ನು ಇವನ ಹತ್ತಿರವೇ ರಿಪೇರಿಗೆ ತರುತ್ತಾನೆ. ಮಾಮಾ ಅವನನ್ನು ಸಾಹೇಬರು ಎನ್ನುತ್ತಾನೆ. ಒಂದು ದಿನ ಆ ಸಾಹೇಬರು ತಮ್ಮ ಗುಡ್ಡದಲ್ಲಿ ಜಿಂಕೆ ಹೊಡೆಯಲು ಬಾ ಎಂದು ಕರೆದರು. ಅಂದಿನಿಂದ ಮಾಮಾನ ತಲೆ ಕೆಟ್ಟಿತು. ಬಂದೂಕು ಬಂತು, ಬೈನಾಕ್ಯುಲರ್ ಬಂತು, ಎಲೆಗಳ ಚಿತ್ರವಿರುವ ಅಂಗಿ ಬಂತು. ಜಿಂಕೆಯೊಂದು ಬರಲಿಲ್ಲ.

ಮೊದಲನೇ ವರ್ಷ ಮಾಮಾ ಒಂದು ಮರದ ಬೊಡ್ಡೆಗೆ ಗುಂಡು ಹೊಡೆದ. ಬೊಡ್ಡೆ ಓಡಿಹೋಗಲಿಲ್ಲ, ಅದೊಂದೇ ಸಮಾಧಾನ. ಎರಡನೇ ವರ್ಷ ಕಣ್ಣೆದುರಿಗೆ ಬಂದದ್ದೆಲ್ಲ ಹೆಣ್ಣು ಜಿಂಕೆಗಳು. ಇಲ್ಲಿ ಕವಲೊಡೆದ ಕೊಂಬಿರುವ ಗಂಡನ್ನು ಮಾತ್ರ ಹೊಡೆಯಬಹುದು. ಮೂರನೇ ವರ್ಷ ದೊಡ್ಡ ಗಂಡೇ ಬಂದಿತ್ತಂತೆ. ಬಂದದ್ದು ಅದರ ಹೆಜ್ಜೆ ಗುರುತಿನಿಂದ ಆಮೇಲೆ ಗೊತ್ತಾಯಿತು, ಏಕೆಂದರೆ ಮಾಮಾ ಮಲಗಿದ್ದ. ಪ್ರತಿ ಆಗಸ್ಟಿನಲ್ಲಿ ಮಾಮಿ ಫ್ರೀಜರಿನ ಕೆಳಗಿನ ಅಂತಸ್ತನ್ನು ತೊಳೆದು ಖಾಲಿ ಇಡುವುದು, ಪ್ರತಿ ಅಕ್ಟೋಬರಿನಲ್ಲಿ ಅಲ್ಲಿ ಬಟಾಣಿ ಚೀಲ ತುಂಬುವುದು ಪದ್ಧತಿಯಾಗಿಬಿಟ್ಟಿತ್ತು.

ಈ ವರ್ಷ ಮಾಮಿ ಕಡೆಯ ಮಾತು ಹೇಳಿಬಿಟ್ಟಳು.

"ಇದು ನಾಕನೇ ವರ್ಷ ರೀ. ಈ ಸಲ ಚಿಗರಿ ಮನಿಗಿ ಬರ್ಲಿಲ್ಲಂದ್ರ ಬಂದೂಕ ಮನಿ ಬಿಟ್ಟು ಹೋಗಬೇಕು. ಎರಡರಾಗ ಒಂದು."

"ಬರ್ತೈತಿ ಬಿಡು," ಅಂದ ಮಾಮಾ. ಆದರೆ ಅವನ ಮುಖ ಸಣ್ಣದಾಯಿತು. ವಾರಕ್ಕೆ ಆರು ದಿನ ಬೇರೆಯವರ ಕಾರಿನ ಕೆಳಗೆ ಮಲಗುವ ಮನುಷ್ಯನಿಗೆ ವರ್ಷದಲ್ಲಿ ನಾಲ್ಕು ಬೆಳಗು ಆ ಗುಡ್ಡದ ಮೇಲೆ ಕೂರುವುದೆಂದರೆ ಏನು ಎಂದು ನನಗೆ ಗೊತ್ತಿತ್ತು. ಅವನಿಗೆ ಬೇರೆ ಚಟವಿಲ್ಲ, ಬೇರೆ ಗೆಳೆಯರೂ ಇಲ್ಲ. ಹೀಗಾಗಿ ಈ ಸಲ ನಾನೇ ಜೊತೆಗೆ ಬರುತ್ತೇನೆ ಎಂದೆ. ಸಹಾಯ ಮಾಡಲು. ಹೌದು, ಸಹಾಯ ಮಾಡಲು ಹೋದವನು ನಾನು.

ಇಲ್ಲಿ ಒಂದು ತೊಡಕನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಇಲ್ಲಿನ ಬೇಟೆಗಾರರ ನಿಯಮವೇ ಬೇರೆ, ನಮ್ಮದೇ ಬೇರೆ. ಇಲ್ಲಿಯವರು ಗುಂಡು ಹೊಡೆದ ಮೇಲೆ ಅರ್ಧ ಗಂಟೆ ಕುಳಿತಲ್ಲೇ ಕೂರುತ್ತಾರೆ. ಗಾಯಗೊಂಡ ಜಿಂಕೆ ಹತ್ತಿರದಲ್ಲೇ ಎಲ್ಲೋ ಮಲಗಿ ಪ್ರಾಣ ಬಿಡುತ್ತದೆ, ಬೆನ್ನು ಹತ್ತಿದರೆ ಕೊನೆಯುಸಿರಿನ ಬಲದಲ್ಲಿ ಎದ್ದು ಯಾರೂ ಇಳಿಯಲಾರದ ಕೊರಕಲಿಗೆ ಓಡಿಹೋಗುತ್ತದೆ ಎಂಬುದು ಅವರ ಲೆಕ್ಕಾಚಾರ. ನಮ್ಮಲ್ಲಿ ಬಿಸ್ಮಿಲ್ಲಾ ಹೇಳಿ ಗುಂಡು ಹೊಡೆಯಬೇಕು, ಹೊಡೆದ ತಕ್ಷಣ ಚಾಕು ಹಿಡಿದು ಓಡಬೇಕು, ಉಸಿರು ಇರುವಾಗಲೇ ಅದರ ಕುತ್ತಿಗೆ ಕೊಯ್ದು ಹಲಾಲ್ ಮಾಡಬೇಕು. ತಡವಾಗಿ, ನಡುವೆ ಕಾಡುಮೃಗ ಬಾಯಿ ಹಾಕಿ, ಜಿಂಕೆ ಸತ್ತದ್ದು ಯಾರಿಂದ ಎಂದು ಗೊತ್ತಾಗದಿದ್ದರೆ ಆ ಮಾಂಸ ನಮಗೆ ಬರುವುದಿಲ್ಲ.

ಮಾಮಾ ಇದಕ್ಕೆ ತಯಾರಿ ಮಾಡಿಕೊಂಡಿದ್ದ. ಮಿಲ್ಪಿಟಾಸ್‌ನ ಗುಡ್ಡದ ಪಾರ್ಕಿನಲ್ಲಿ ಭಾನುವಾರ ಬೆಳಿಗ್ಗೆ, ಸೊಂಟಕ್ಕೆ ಚಾಕುವಿನ ಖಾಲಿ ಒರೆ ಕಟ್ಟಿಕೊಂಡು ಇಳಿಜಾರಿನಲ್ಲಿ ಓಡುತ್ತಿದ್ದ. ಕೆಳಗೆ ಮಾಮಿ ಫೋನಿನಲ್ಲಿ ಟೈಮು ಹಿಡಿದು ನಿಂತಿರುತ್ತಿದ್ದಳು. ನಾಯಿ ಕರೆದುಕೊಂಡು ಬಂದವರು ದಾರಿ ಬಿಟ್ಟು ನಿಲ್ಲುತ್ತಿದ್ದರು. ಐವತ್ತೆರಡು ವರ್ಷದ ಮೊಣಕಾಲು ಕಟಕಟ ಎನ್ನುವುದು ನನಗೆ ಮೇಲಿನವರೆಗೂ ಕೇಳುತ್ತಿತ್ತು. ಆ ಸದ್ದನ್ನೂ ನಾನು ತೆಗೆಯಬಲ್ಲೆ.

ಅವತ್ತು ಸೂರ್ಯ ಹುಟ್ಟುವ ಮೊದಲೇ ಸಾಹೇಬರ ಗೇಟು ಮುಟ್ಟಿದೆವು. ಅವರು ನಮಗೆ ಎರಡು ವಾಕಿಟಾಕಿ ಕೊಟ್ಟರು, ಮೂರನೆಯದು ತಮ್ಮ ಮನೆಯಲ್ಲಿರುತ್ತದೆ ಎಂದರು. ಮಾಮಾ ಒಂದು ಗುಡ್ಡದ ನೆತ್ತಿಯಲ್ಲಿ ಬಂದೂಕು ಹಿಡಿದು ಕೂತ. ನಾನು ಎದುರಿನ ಗುಡ್ಡದಲ್ಲಿ ಬೈನಾಕ್ಯುಲರ್ ಹಿಡಿದು ಕೂತೆ. ನಡುವೆ ಒಣಗಿದ ಹಳದಿ ಹುಲ್ಲಿನ ಇಳಿಜಾರು, ಕೆಳಗೆ ನೀರಿಲ್ಲದ ಹಳ್ಳ, ಹಳ್ಳದ ದಡದಲ್ಲಿ ಓಕ್ ಮರಗಳ ದಟ್ಟ ಗುಂಪು.

ಮೊದಲ ಒಂದು ಗಂಟೆ ನಾನು ವಾಕಿಟಾಕಿಯಲ್ಲಿ ಒಂದಾದ ಮೇಲೊಂದು ದನಿ ತೆಗೆದೆ. ಮಾಮಿಯಾಗಿ, "ರೀ, ಬರ್ತಾ ಕೊತಂಬರಿ ತರ್ರಿ" ಅಂದೆ. ಮಸೀದಿಯ ಹಿರಿಯರಾಗಿ ಮೂರು ಸಲ ಕೆಮ್ಮಿದೆ. ಮಾಮಾ ಪ್ರತಿ ಸಲವೂ ನಗುತ್ತ, "ಬಾಯಿ ಮುಚ್ಚಲೇ ಮಂಗ್ಯಾ, ಚಿಗರಿ ಓಡ್ತಾವು" ಅನ್ನುತ್ತಿದ್ದ. ಪ್ರತಿ ಸಲವೂ ನಾನೇ ಎಂದು ಅವನಿಗೆ ಗೊತ್ತಾಗುತ್ತಿತ್ತು. ಈ ಮಾತನ್ನು ನನ್ನ ಪರವಾಗಿ ದಯವಿಟ್ಟು ದಾಖಲು ಮಾಡಿಕೊಳ್ಳಬೇಕು.

ಬಿಸಿಲು ಹಳ್ಳಕ್ಕಿಳಿದ ಹೊತ್ತಿಗೆ ಅದು ಬಂತು. ಎರಡೂ ಕಡೆ ಕವಲೊಡೆದ ಕೊಂಬು. ಮೈ ಹುಲ್ಲಿನ ಬಣ್ಣದ್ದೇ. ಕಿವಿ ಅಲ್ಲಾಡಿಸದಿದ್ದರೆ ನನಗೆ ಕಾಣುತ್ತಲೇ ಇರಲಿಲ್ಲ. ವಾಕಿಟಾಕಿಯಲ್ಲಿ ಮಾಮಾನ ಪಿಸುದನಿ ಕೇಳಿತು: "ಬಿಸ್ಮಿಲ್ಲಾಹಿ ಅಲ್ಲಾಹು ಅಕ್ಬರ್." ಆಮೇಲೆ ಗುಂಡು. ಜಿಂಕೆ ಮುಂಗಾಲು ಮಡಚಿ ಕುಸಿಯಿತು, ಎದ್ದಿತು, ತೂರಾಡುತ್ತ ಓಕ್ ಮರಗಳ ಒಳಗೆ ನುಗ್ಗಿತು. ಟೊಂಗೆಗಳು ಒಮ್ಮೆ ಅಲ್ಲಾಡಿ ನಿಂತವು.

"ಬಿತ್ತೇನಲೇ? ಬಿತ್ತೇನು?"

"ಬಿತ್ರಿ ಮಾಮಾ! ಓಕ್ ಗಿಡದಾಗ ಹೋಗಿ ಬಿತ್ತು!"

"ಓಡ್ಲೇನು?"

ಆ ಪ್ರಶ್ನೆಗೆ ಜಗತ್ತಿನಲ್ಲಿ ಒಂದೇ ಉತ್ತರವಿತ್ತು. ಅದು ಎರಡಕ್ಷರದ್ದು. ನಾನು ಅದನ್ನು ಹೇಳಲಿಲ್ಲ. ಸಂತೋಷ ತಲೆಗೇರಿತ್ತು, ಬಾಯಿ ತಡೆಯಲಿಲ್ಲ. ಗ್ಯಾರೇಜಿನಲ್ಲಿ ಎಷ್ಟೋ ಸಲ ಕೇಳಿದ್ದ ಸಾಹೇಬರ ಆ ನಿಧಾನದ, ಅರ್ಧ ಮೂಗಿನಲ್ಲಿ ಅರ್ಧ ಗಂಟಲಿನಲ್ಲಿ ಉರುಳುವ ಇಂಗ್ಲಿಷನ್ನು ತೆಗೆದೆ. ಕೂತಲ್ಲೇ ಕೂರು ಗೆಳೆಯಾ, ಅರ್ಧ ಗಂಟೆ, ನಾನು ಹೇಳುವ ತನಕ ಅಲ್ಲಾಡಬೇಡ ಎಂದೆ. ಹಿಂದಿನ ವರ್ಷಗಳಲ್ಲಿ ಅವರು ಎಲ್ಲ ಬೇಟೆಗಾರರಿಗೂ ಹೇಳುತ್ತಿದ್ದ ಮಾತೇ ಅದು. ದನಿ ಎಷ್ಟು ಚೆನ್ನಾಗಿ ಬಂತೆಂದರೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

"ಯೆಸ್ ಸರ್," ಅಂದ ಮಾಮಾ.

ಅವನೂ ಆಟಕ್ಕೆ ಸೇರಿದ್ದಾನೆ ಎಂದುಕೊಂಡೆ ನಾನು. ನಕ್ಕೆ. ಈಗಾಗಲೇ ಚಾಕು ಹಿಡಿದು ಇಳಿಯುತ್ತಿರುತ್ತಾನೆ, ಅವನ ಕಡೆಯ ಇಳಿಜಾರು ಬಂಡೆಗಳ ಮರೆಯಲ್ಲಿದೆ, ನನಗೆ ಕಾಣುವುದಿಲ್ಲ ಅಷ್ಟೇ ಎಂದುಕೊಂಡು ಮಾಮಿ ಕಟ್ಟಿಕೊಟ್ಟಿದ್ದ ತತ್ತಿ ಪರಾಠಾ ಬಿಚ್ಚಿದೆ. ತಿಂದೆ. ಇನ್ನೊಂದು ತಿಂದೆ. ಮಾಮಾನ ಪಾಲಿನದನ್ನೂ ಅರ್ಧ ತಿಂದೆ.

ಇಪ್ಪತ್ತು ನಿಮಿಷ ಕಳೆದಿರಬೇಕು. ಹಳ್ಳದ ಮೇಲ್ಭಾಗದಿಂದ ಕೂಗು ಕೇಳಿತು. ಮಕ್ಕಳ ಬರ್ತ್‌ಡೇ ಪಾರ್ಟಿಯಲ್ಲಿ ಕೇಕು ಕೊಯ್ಯುವಾಗ ಏಳುತ್ತದಲ್ಲ, ಅಂಥ ಕಿರುಚಾಟ, ನಗೆ, ಕುಂಯ್‌ಗುಟ್ಟುವಿಕೆ. ಕೊಯೋಟಿಗಳು. ನರಿಗಿಂತ ದೊಡ್ಡವು, ತೋಳಕ್ಕಿಂತ ಸಣ್ಣವು, ನಾಚಿಕೆಯ ವಿಷಯದಲ್ಲಿ ಎರಡಕ್ಕಿಂತಲೂ ಕಡಿಮೆ. ಅನುಕರಣೆ ಮಾಡುವವನಿಗೆ ಒಳ್ಳೆಯ ದನಿ ಕಿವಿಗೆ ಬಿದ್ದರೆ ಬಾಯಿ ಸುಮ್ಮನಿರುವುದಿಲ್ಲ. ನಾನೂ ಒಂದು ಸಲ ಹಾಗೇ ಕೂಗಿದೆ. ಅವು ಉತ್ತರ ಕೊಟ್ಟವು! ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಹಳದಿ ಹುಲ್ಲಿನಲ್ಲಿ ಮೂರು ಬೂದು ಬೆನ್ನುಗಳು ಸರಸರ ಸರಿದು ಓಕ್ ಮರಗಳ ಒಳಗೆ ಹೋಗುವುದನ್ನು ನೋಡುವ ತನಕ ನನಗೆ ಏನೂ ಹೊಳೆಯಲಿಲ್ಲ.

ವಾಕಿಟಾಕಿ ಒತ್ತಿದೆ. "ಮಾಮಾ, ಎಲ್ಲಿದ್ದೀರಿ? ಹಲಾಲ್ ಮಾಡಿದ್ರೇನು?"

"ಎಲ್ಲಿ ಇರ್ತೀನಲೇ? ಮ್ಯಾಲೇ ಕುಂತೀನಿ."

"ಓಡ್ರಿ! ಕೊಯೋಟಿ ಬಂದಾವ್ರಿ, ಓಡ್ರಿ!"

"ಸಾಹೇಬರು ಇನ್ನಾ ಹೇಳಿಲ್ಲಲೇ. ಗುಡ್ಡ ಅವರ್ದು, ಅವರ ಮಾತು ಮೀರೂದು ಹೆಂಗ?"

ನನ್ನ ಬಾಯಲ್ಲಿದ್ದ ಪರಾಠಾ ಅಲ್ಲೇ ನಿಂತಿತು.

ನಾನು ಒಂದು ಗುಡ್ಡ ಇಳಿದೆ, ಅವನು ಒಂದು ಗುಡ್ಡ ಇಳಿದ. ಭಾನುವಾರದ ತಯಾರಿಯ ಪುಣ್ಯದಿಂದ ಮಾಮಾ ನನಗಿಂತ ಮೊದಲೇ ಮುಟ್ಟಿದ್ದ. ಚಾಕು ಕೈಯಲ್ಲಿತ್ತು. ಮರದ ಬುಡದಲ್ಲಿ ಜಿಂಕೆ ಬಿದ್ದಿತ್ತು. ಹಿಂದಿನ ಎರಡೂ ತೊಡೆ ಹೋಗಿದ್ದವು, ಹೊಟ್ಟೆ ಬಗೆದುಹೋಗಿತ್ತು, ಕರುಳು ಎಲೆಗಳ ಮೇಲೆ ಚೆಲ್ಲಾಡಿತ್ತು. ಮುಖಕ್ಕೆ ಮಾತ್ರ ಏನೂ ಆಗಿರಲಿಲ್ಲ, ಕಣ್ಣು ತೆರೆದೇ ಇತ್ತು. ಆ ಮೂರೂ ಕಳ್ಳರು ಮೂವತ್ತು ಹೆಜ್ಜೆ ದೂರದಲ್ಲಿ ನಿಂತು ಬಾಯಿ ನೆಕ್ಕಿಕೊಳ್ಳುತ್ತಿದ್ದರು. ನಾನು ಕಲ್ಲು ಬೀಸಿದೆ. ಎರಡು ಹೆಜ್ಜೆ ಹಿಂದೆ ಹೋಗಿ ಮತ್ತೆ ನಿಂತವು. ಮದುವೆ ಮನೆಯಲ್ಲಿ ಒಂದು ಪಂಕ್ತಿಯವರು ಕೈ ತೊಳೆಯಲು ಏಳುವುದನ್ನೇ ಕಾಯುತ್ತ ಬೆನ್ನ ಹಿಂದೆ ನಿಲ್ಲುತ್ತಾರಲ್ಲ, ಹಾಗೆ. ಎದ್ದು ಹೋಗಬೇಕಾದವರು ನಾವು!

ಮಾಮಾ ಮಂಡಿಯೂರಿ ಅದರ ಕುತ್ತಿಗೆ ಮುಟ್ಟಿದ. ಕೈಯನ್ನು ಹಾಗೇ ಬಹಳ ಹೊತ್ತು ಇಟ್ಟುಕೊಂಡಿದ್ದ.

"ಇನ್ನಾ ಬೆಚ್ಚಗ ಐತಿ," ಅಂದ.

"ಗುಂಡಿಗೇ ಸತ್ತಿರ್ತೈತ್ರಿ ಮಾಮಾ. ಕೊಯೋಟಿ ಆಮೇಲೆ ಬಂದಾವು. ಮುಂದಿನ ಭಾಗ ಚಲೋ ಐತಿ. ಭುಜದಾಗ ಎಷ್ಟ್ ಮಾಂಸ ಐತಿ ನೋಡ್ರಿ."

"ನೀ ನೋಡಿಯೇನು? ಇದರ ಜೀವ ಹೋಗೂಮುಂದ ಇಲ್ಲಿ ನಿಂತಿದ್ದಿಯೇನು?"

"ಇಲ್ಲ."

"ನಾನೂ ಇದ್ದಿಲ್ಲ. ನನ್ನ ಗುಂಡು ಕೊಂತೋ, ಅವು ಜೀವಂತ ಇದ್ದಾಗನ ಹರದು ತಿಂದ್ವೋ, ಗೊತ್ತಿಲ್ಲ. ಗೊತ್ತಿಲ್ಲದ್ದು ನಮ್ಮದಲ್ಲ."

ಅವನು ಚಾಕುವನ್ನು ಒರೆಗೆ ಹಾಕಿದ. ಅದರ ಮೇಲೆ ಒಂದು ಹನಿ ರಕ್ತವಿರಲಿಲ್ಲ. ನಾಲ್ಕು ವರ್ಷದಲ್ಲಿ ಮಾಮಾ ಬರಿಗೈಯಲ್ಲಿ ಬಂದದ್ದನ್ನು ಎಷ್ಟು ಸಲ ಆಡಿಕೊಂಡು ನಕ್ಕಿದ್ದೇನೋ. ಆ ಚಾಕು ಒರೆ ಸೇರಿದ ಸದ್ದಿಗೆ ಮಾತ್ರ ನನಗೆ ನಗು ಬರಲಿಲ್ಲ. ಆ ಸದ್ದನ್ನು ನಾನು ಇದುವರೆಗೆ ಯಾರ ಮುಂದೆಯೂ ತೆಗೆದು ತೋರಿಸಿಲ್ಲ.

ಗುಂಡಿನ ಸದ್ದು ಕೇಳಿ ಸಾಹೇಬರು ತಮ್ಮ ನಾಲ್ಕು ಚಕ್ರದ ಪುಟ್ಟ ಗಾಡಿಯಲ್ಲಿ ಬಂದರು. ಜಿಂಕೆಯನ್ನು ನೋಡಿ ಟೋಪಿ ತೆಗೆದರು. ಇಷ್ಟು ಹೊತ್ತು ಯಾಕೆ ಬಿಟ್ಟೆ ಗೆಳೆಯಾ, ಈ ವರ್ಷ ಇವು ಬಂದೂಕಿನ ಸದ್ದು ಕೇಳಿದರೆ ಊಟದ ಗಂಟೆ ಹೊಡೆದ ಹಾಗೆ ಓಡಿಬರುತ್ತವೆ, ಇವು ಇರುವ ಕಡೆ ಹತ್ತು ನಿಮಿಷವೂ ಕಾಯಬಾರದು ಎಂದರು.

"ನೀವೇ ಅಲ್ಲವೇ ಸರ್ ಅರ್ಧ ಗಂಟೆ ಕಾಯಲು ಹೇಳಿದ್ದು?" ಎಂದ ಮಾಮಾ ಇಂಗ್ಲಿಷಿನಲ್ಲಿ.

"ನಾನೇ?" ಸಾಹೇಬರು ಹುಬ್ಬೇರಿಸಿದರು. "ನನ್ನ ವಾಕಿಟಾಕಿ ಬೆಳಗಿನಿಂದ ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿದೆ. ನಾನು ಮುಟ್ಟಿಯೇ ಇಲ್ಲ."

ಇಬ್ಬರೂ ನಿಧಾನವಾಗಿ ನನ್ನ ಕಡೆ ತಿರುಗಿದರು. ಕೊಯೋಟಿಗಳೂ ನನ್ನನ್ನೇ ನೋಡುತ್ತಿದ್ದವು ಎಂದು ಈಗಲೂ ನನ್ನ ಅನುಮಾನ.

ಇಲ್ಲಿನ ಕಾನೂನಿನ ಪ್ರಕಾರ ತಿಂದರೂ ತಿನ್ನದಿದ್ದರೂ ಹೊಡೆದ ಜಿಂಕೆಗೆ ಟ್ಯಾಗು, ಎಂದರೆ ಒಂದು ಜಿಂಕೆಗೆ ಒಂದರಂತೆ ಸರಕಾರ ಕೊಡುವ ಚೀಟಿ, ಕಟ್ಟಬೇಕು. ಮಾಮಾನ ಹತ್ತಿರ ಇದ್ದದ್ದು ಒಂದೇ ಟ್ಯಾಗು. ಅದನ್ನು ತುಂಬಿ ಕೊಂಬಿಗೆ ಕಟ್ಟಿದ. ಸಾಹೇಬರು ಗಾಡಿಯಿಂದ ಗರಗಸ ತಂದು ಕೊಂಬನ್ನು ಕೊಯ್ದು ಕೊಟ್ಟರು. ಅಲ್ಲಿಗೆ ಈ ವರ್ಷ ಮುಗಿಯಿತು. ಸಿಟ್ಟು ಬರಬೇಕಾದದ್ದು ಇಲ್ಲೇ. ಲೈಸೆನ್ಸಿನ ಪರೀಕ್ಷೆ ನಾವು ಬರೆಯಬೇಕು, ಅರ್ಜಿ ನಾವು ತುಂಬಬೇಕು, ಗಂಡೋ ಹೆಣ್ಣೋ, ಕೊಂಬು ಎಷ್ಟು ಕವಲು ಎಂದು ನಾವು ಕಣ್ಣು ಕಿರಿದು ಮಾಡಿ ಎಣಿಸಬೇಕು. ಹೊತ್ತು ನೋಡಬೇಕು, ಗಡಿ ನೋಡಬೇಕು, ಗುಂಡಿನಲ್ಲಿ ಸೀಸ ಇರದಂತೆ ನೋಡಬೇಕು. ಆ ಮೂವರಿಗೆ ಯಾವ ಅರ್ಜಿ? ಯಾವ ಟ್ಯಾಗು? ಬೇಟೆಯಾಡುವ ಕಷ್ಟವನ್ನಾದರೂ ಪಟ್ಟವೇ? ಬೇರೆಯವರು ಹೊಡೆದುರುಳಿಸಿದ್ದನ್ನು ಬಂದು ತಿನ್ನುವುದು, ತಿಂದ ಮೇಲೆ ಅಲ್ಲೇ ನಿಂತು ಮುಖ ನೋಡುವುದು! ಓಡಿಹೋಗುವಷ್ಟು ಮರ್ಯಾದೆಯಾದರೂ ಬೇಡವೇ?

ಫ್ರೀವೇ ಉದ್ದಕ್ಕೂ ನಾನು ಹೀಗೆಯೇ ಬೈಯುತ್ತ ಬಂದೆ. ಮಾಮಾ ಗಾಡಿ ಓಡಿಸುತ್ತಿದ್ದ. ಮಿಲ್ಪಿಟಾಸ್ ಎಕ್ಸಿಟ್ ಹತ್ತಿರ ಬಂದಾಗ ಒಂದೇ ಒಂದು ಸಲ ಬಾಯಿ ಬಿಟ್ಟ.

"ಈಗ ಯಾರ ದನ್ಯಾಗ ಬೈಲಿಕತ್ತಿ?"

ಅದು ನನ್ನದೇ ದನಿಯಾಗಿತ್ತು. ಅಷ್ಟೇನೂ ಚೆನ್ನಾಗಿರಲಿಲ್ಲ.

ಮನೆಯ ಬಾಗಿಲಿನಲ್ಲೇ ಹುರಿದ ಈರುಳ್ಳಿಯ ವಾಸನೆ ಮುಖಕ್ಕೆ ಬಡಿಯಿತು. ಗುಂಡು ತಾಗಿದ ತಕ್ಷಣ, ಕೂತ ಜಾಗದಿಂದಲೇ ಮಾಮಾ 'ಬಿದ್ದೈತಿ' ಎಂದು ಮಾಮಿಗೆ ಮೆಸೇಜು ಹಾಕಿಬಿಟ್ಟಿದ್ದನಂತೆ. ಅರ್ಧ ಗಂಟೆ ಖಾಲಿ ಕೂರಬೇಕಾದವನು ಇನ್ನೇನು ಮಾಡಬೇಕು? ಮಾಮಿ ದೊಡ್ಡ ಡೇಗು ಪಾತ್ರೆಯನ್ನು ಒಲೆಗಿಟ್ಟು ಮಸಾಲೆ ಅರೆದು ಕಾಯುತ್ತಿದ್ದಳು. ಪಕ್ಕದ ಮನೆಯ ಬೆಂಗಳೂರು ಅಂಕಲ್ಲು ಸಸ್ಯಾಹಾರಿ, ಆದರೂ ಕೊಂಬು ನೋಡಲು ಬಂದು ಸೋಫಾದಲ್ಲಿ ಚಹಾ ಕುಡಿಯುತ್ತಿದ್ದರು. ಮಾಮಾನ ಮಗಳು, ಒಂಬತ್ತು ವರ್ಷದವಳು, ಶಾಲೆಯ ಗೆಳತಿಯರಿಗೆ ತೋರಿಸಲು ಫೋಟೋ ತೆಗೆಯಲು ನಿಂತಿದ್ದಳು.

ಮಾಮಾ ಟ್ಯಾಗು ಕಟ್ಟಿದ ಕೊಂಬನ್ನು ಮೂಲೆಗಿಟ್ಟು ನಡೆದದ್ದನ್ನು ಹೇಳಿದ. ಕೊಯೋಟಿಗಳ ಭಾಗವನ್ನು ಹೇಳಿದ. ನನ್ನ ಭಾಗವನ್ನು ಹೇಳಲಿಲ್ಲ. ಕಾದೆ, ತಡವಾಯಿತು ಎಂದಷ್ಟೇ ಹೇಳಿದ.

ಮಗಳು ಅಪ್ಪನನ್ನು ಇಂಗ್ಲಿಷಿನಲ್ಲಿ ಕೇಳಿದಳು: "ಅಬ್ಬಾ, ಡಿಡ್ ದ ಕೊಯೋಟೀಸ್ ಸೇ ಬಿಸ್ಮಿಲ್ಲಾ?"

ಅಂಕಲ್ಲು ಕಪ್ಪು ಕೆಳಗಿಟ್ಟರು.

"ಪಾಪ ಕಣ್ರೀ, ಅವಕ್ಕೂ ಫ್ಯಾಮಿಲಿ ಇರುತ್ತೆ ಅಲ್ವಾ? ಆಕ್ಚುಯಲಿ ಅದು ಅವುಗಳ ಜಾಗ. ನಾವೇ ಆಮೇಲೆ ಬಂದೋರು. ನೇಚರ್ರು ಅಂದ್ರೆ ಹಾಗೇನೆ."

ನನಗೆ ರೇಗಿಹೋಯಿತು. "ಅಂಕಲ್, ಹೋದ ತಿಂಗಳು ನಿಮ್ಮ ಬೆಕ್ಕನ್ನ ಅವೇ ಹೊತ್ಕೊಂಡು ಹೋದಾಗ ಬೀದಿಯ ಕಂಬಕ್ಕೆಲ್ಲ ಅದರ ಫೋಟೋ ಅಂಟಿಸಿದ್ರಲ್ಲ, ಆಗೆಲ್ಲಿ ಹೋಗಿತ್ತು ನೇಚರ್ರು?"

"ಲೇ, ಹಿರಿಯರ ಜೋಡಿ ಹಿಂಗ ಮಾತಾಡ್ತಾರೇನು?" ಎಂದು ಮಾಮಿ ಗದರಿದಳು. ಅಂಕಲ್ಲು, "ಅದು ಇಂಡೋರ್ ಕ್ಯಾಟು ಕಣೋ" ಎಂದು ಗೊಣಗಿ ಮತ್ತೆ ಕಪ್ಪು ಎತ್ತಿಕೊಂಡರು.

ಮಾಮಿ ಒಲೆ ಆರಿಸಿದಳು. ಸೌಟು ಕೆಳಗಿಟ್ಟು ಮಾಮಾನ ಕಡೆ ತಿರುಗಿದಳು. ಏನು ಬರುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು.

"ಹೊಡದದ್ದು ಬಿದ್ದೈತಿ," ಅಂದ ಮಾಮಾ ಮೊದಲೇ. "ಗುರಿ ಸರಿ ಇತ್ತು. ಇದನ್ನ ಖಾಲಿ ಕೈ ಅನ್ನಬ್ಯಾಡ."

"ಮನಿಗಿ ಬಂತೇನು?"

ಮಾಮಾ ನೆಲ ನೋಡಿದ. ಅವನು ನನ್ನ ಹೆಸರು ಹೇಳುವುದಿಲ್ಲ ಎಂದು ನನಗೆ ಆಗ ಖಾತ್ರಿಯಾಯಿತು. ಹೇಳಿದ್ದರೆ ನಾನು ಏನಾದರೂ ಜಾಣತನ ಮಾಡಿ ತಪ್ಪಿಸಿಕೊಳ್ಳುತ್ತಿದ್ದೆ. ಹೇಳಲಿಲ್ಲ, ಅದಕ್ಕೇ ನಾನು ಸಿಕ್ಕಿಬಿದ್ದೆ.

"ಮಾಮಿ, ತಪ್ಪು ನಂದ್ರಿ," ಎಂದೆ. ವಾಕಿಟಾಕಿ, ಸಾಹೇಬರ ದನಿ, ಅರ್ಧ ಗಂಟೆ, ಪರಾಠಾ, ಕೊಯೋಟಿಗಳಿಗೆ ನಾನು ಕೊಟ್ಟ ಉತ್ತರ, ಎಲ್ಲವನ್ನೂ ಹೇಳಿದೆ.

ಮಾಮಿ ಕೈ ಕಟ್ಟಿ ಕೇಳಿದಳು. "ಹೆಂಗ ತಗದಿ ಆ ದನಿ? ತಗಿ ನೋಡೋಣ."

ತೆಗೆದೆ. ಮೂಗಿನಲ್ಲಿ ಅರ್ಧ, ಗಂಟಲಿನಲ್ಲಿ ಅರ್ಧ. ಮಾಮಿ ದುಪಟ್ಟಾದ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭುಜ ಕುಣಿಯಿತು. ಅಂಕಲ್ಲಿನ ಚಹಾ ಅಂಗಿಯ ಮೇಲೆ ಚೆಲ್ಲಿತು. ಮಾಮಾನ ಮೀಸೆಯ ಒಂದು ತುದಿ ಕೂಡ ಮೇಲೆದ್ದಿತು. ಗೆದ್ದೆವು ಎಂದುಕೊಂಡೆ. ನಗುವ ನ್ಯಾಯಾಧೀಶರು ಶಿಕ್ಷೆ ಕೊಡುವುದಿಲ್ಲ ಎಂಬ ನಂಬಿಕೆಯಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟೆ.

"ಅಂದ್ರ ಮಾಮಾಂದೇನೂ ತಪ್ಪಿಲ್ರಿ ಮಾಮಿ. ಇನ್ನೊಂದು ವರ್ಷ ಟೈಮ್ ಕೊಡ್ರಿ. ಮೊದಲು ಆ ಕಳ್ಳ ಕೊಯೋಟಿಗಳನ್ನ ನೋಡ್ಕೋತೀವಿ. ಅವುಕ್ಕ ಸೀಸನ್ನಿಲ್ಲ, ಟ್ಯಾಗು ಬೇಕಿಲ್ಲ, ವರ್ಷ ಪೂರ್ತಿ ಹೊಡೀಬಹುದು."

"ಹೌದು," ಅಂದ ಮಾಮಾ, ಬೆನ್ನು ನೆಟ್ಟಗೆ ಮಾಡಿ. "ಬಂದೂಕ ಈಗ ಮಾರಿದ್ರ ಅವು ಗೆದ್ದಂಗ ಆಗ್ತೈತಿ. ನಾಳೆ ಬೆಳಿಗ್ಗೆನ ಹೋಗ್ತೀವಿ."

ಮಾಮಿ ಸೆರಗು ಬಾಯಿಂದ ತೆಗೆದಳು. ನಗು ಎಲ್ಲಿ ಹೋಯಿತೋ. ಮೊದಲು ಮಾಮಾನನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು, ಆಮೇಲೆ ಫ್ರಿಡ್ಜಿನಿಂದ ಕೋಳಿಯ ಪೊಟ್ಟಣ ಹೊರಗೆ ತೆಗೆಯುತ್ತ ಹೇಳಿದಳು:

"ಅವುಕ್ಕ ಬಂದೂಕಿಲ್ಲ, ಲೈಸೆನ್ಸಿಲ್ಲ, ಜೋಡಿಗಿ ಇಂಥಾ ಅಳಿಯಾನೂ ಇಲ್ಲ. ಆದ್ರೂ ಅರ್ಧ ತಾಸಿನ್ಯಾಗ ತಮ್ಮ ಮನಿ ಮಂದಿಗೆಲ್ಲ ಉಣ್ಣಾಕ ಹಾಕ್ಯಾವ. ನಾಳೆ ಹೋಗ್ರಿ, ಆದ್ರ ಹೊಡ್ಯಾಕ ಅಲ್ಲ. ಆ ಬಂದೂಕ ಅವುಕ್ಕ ಕೊಟ್ಟು ಬರ್ರಿ."